ನಾಣ್ಯದ ಮೇಲೆ ಸಂಗೀತಗಾರ: ಬೆಲೆ ಎಲ್ಲಿಂದ ಬರುತ್ತದೆ?

ಗಾಯಕರೊಬ್ಬರ ಅಥವಾ ವಾದಕರೊಬ್ಬರ ಗೌರವಾರ್ಥ ಸರ್ಕಾರವೊಂದು ನಾಣ್ಯ ಹೊರಡಿಸಿದೆ ಎಂಬ ಸುದ್ದಿ ಬಂದಾಗಲೆಲ್ಲ ಅಭಿಮಾನಿಗಳು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಬಗೆಯವು. ಈ ನಾಣ್ಯವನ್ನು ಕೊಟ್ಟು ಏನಾದರೂ ಕೊಳ್ಳಬಹುದೇ? ಅದರ ಮೇಲೆ ಅಚ್ಚಾಗಿರುವ ಮೊತ್ತಕ್ಕಿಂತ ಹಲವು ಪಟ್ಟು ಹೆಚ್ಚು ಹಣ ಕೊಡಬೇಕಾಗುವುದೇಕೆ? ಇಂದು ಕೊಂಡಿಟ್ಟರೆ ಮುಂದೆ ಬೆಲೆ ಏರುತ್ತದೆಯೇ? ಈ ಮೂರಕ್ಕೂ ಉತ್ತರ ಸಿಗಬೇಕಾದರೆ ಒಂದು ಸಂಗತಿಯನ್ನು ಮೊದಲೇ ಸ್ಪಷ್ಟಮಾಡಿಕೊಳ್ಳಬೇಕು. ಸ್ಮಾರಕ ನಾಣ್ಯಕ್ಕೆ ಒಂದಲ್ಲ, ಮೂರು ಬೆಲೆಗಳಿರುತ್ತವೆ: ಕಾನೂನು ಅದಕ್ಕೆ ಕೊಟ್ಟ ಮುಖಬೆಲೆ, ಅದರಲ್ಲಿರುವ ಲೋಹದ ಬೆಲೆ, ಮತ್ತು ಅದನ್ನು ಬಯಸುವವರು ಕೊಡಲು ಸಿದ್ಧರಿರುವ ಸಂಗ್ರಹದ ಬೆಲೆ. ಈ ಮೂರೂ ಒಂದಕ್ಕೊಂದು ಹತ್ತಿರವಿರಬೇಕೆಂಬ ನಿಯಮವಿಲ್ಲ. ಬಹುತೇಕ ನಾಣ್ಯಗಳಲ್ಲಿ ಅವು ತುಂಬಾ ದೂರದೂರವೇ ಇರುತ್ತವೆ. ಕೊಳ್ಳುವವರಿಗೆ ಆಗುವ ನಿರಾಸೆಯ ಬಹುಪಾಲು ಇವುಗಳಲ್ಲಿ ಒಂದನ್ನು ಮತ್ತೊಂದೆಂದು ತಿಳಿದದ್ದರಿಂದಲೇ ಹುಟ್ಟುತ್ತದೆ.

ಮೂರು ನಾಣ್ಯಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಇದು ಚೆನ್ನಾಗಿ ತಿಳಿಯುತ್ತದೆ. ಅಮೆರಿಕದ ಟಂಕಸಾಲೆ 2009ರಲ್ಲಿ ರಾಜಧಾನಿ ಪ್ರದೇಶವಾದ ಡಿಸ್ಟ್ರಿಕ್ಟ್ ಆಫ್ ಕೊಲಂಬಿಯಾದ ಹೆಸರಿನಲ್ಲಿ ಹೊರಡಿಸಿದ ಕಾಲು ಡಾಲರ್ ನಾಣ್ಯದ ಹಿಂಬದಿಯಲ್ಲಿ ಜಾಝ್ ಸಂಗೀತದ ಡ್ಯೂಕ್ ಎಲಿಂಗ್ಟನ್ ಗ್ರ್ಯಾಂಡ್ ಪಿಯಾನೊದ ಮುಂದೆ ಕುಳಿತಿದ್ದಾರೆ. ಅದು 17 ಕೋಟಿಗೂ ಹೆಚ್ಚು ಸಂಖ್ಯೆಯಲ್ಲಿ ಅಚ್ಚಾಗಿ ಜನರ ಕೈಗೆ ಚಿಲ್ಲರೆಯಾಗಿ ಬಂತು. ಅದರ ಬೆಲೆ ಕಾಲು ಡಾಲರ್. ಅದಕ್ಕಿಂತ ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಇಲ್ಲಿ ಆಳುವುದು ಮುಖಬೆಲೆ. ಎರಡನೆಯದು ಆಸ್ಟ್ರಿಯಾದ ಟಂಕಸಾಲೆ 1989ರಿಂದ ಅಚ್ಚು ಹಾಕುತ್ತಿರುವ ವಿಯೆನ್ನಾ ಫಿಲ್ಹಾರ್ಮೋನಿಕ್ ಚಿನ್ನದ ನಾಣ್ಯ. ಒಂದು ಬದಿಯಲ್ಲಿ ಆ ವಾದ್ಯವೃಂದ ನುಡಿಸುವ ಸುವರ್ಣ ಸಭಾಂಗಣದ ಆರ್ಗನ್, ಇನ್ನೊಂದು ಬದಿಯಲ್ಲಿ ಚೆಲ್ಲೊ, ಪಿಟೀಲು, ಹಾರ್ಪ್, ಕೊಂಬು ಮುಂತಾದ ವಾದ್ಯಗಳು. ಒಂದು ಔನ್ಸ್ ಶುದ್ಧ ಚಿನ್ನವಿರುವ ಆ ನಾಣ್ಯದ ಮುಖಬೆಲೆ ಈಗ 100 ಯೂರೊ. ಅದನ್ನು 100 ಯೂರೊಗೆ ಯಾರೂ ಮಾರುವುದಿಲ್ಲ, ಏಕೆಂದರೆ ಅದರೊಳಗಿನ 31.1 ಗ್ರಾಂ ಚಿನ್ನದ ಬೆಲೆ ಅದರ ಹಲವಾರು ಪಟ್ಟಿದೆ. ಇಲ್ಲಿ ಆಳುವುದು ಲೋಹ. ಮೂರನೆಯದು ಬ್ರಿಟನ್ನಿನ ರಾಯಲ್ ಮಿಂಟ್ 2020ರ ಜನವರಿಯಲ್ಲಿ ‘ಕ್ವೀನ್’ ಎಂಬ ರಾಕ್ ಸಂಗೀತ ತಂಡದ ಗೌರವಾರ್ಥ ತಂದ 5 ಪೌಂಡ್ ನಾಣ್ಯ. ಸುಮಾರು 28 ಗ್ರಾಂ ತೂಕದ, ತಾಮ್ರ ಮತ್ತು ನಿಕಲ್ ಮಿಶ್ರಣದ ಆ ನಾಣ್ಯದಲ್ಲಿ ಲೋಹದ ಬೆಲೆ ಹೇಳಿಕೊಳ್ಳುವಷ್ಟಿಲ್ಲ. ಮುಖಬೆಲೆ 5 ಪೌಂಡ್. ಟಂಕಸಾಲೆ ಅದನ್ನು ಮಾರಿದ್ದು 13 ಪೌಂಡಿಗೆ. ನಡುವಿನ ಆ ಅಂತರವನ್ನು ತುಂಬುವುದು ತಂಡದ ಮೇಲಿನ ಪ್ರೀತಿ, ವಿನ್ಯಾಸದ ಚೆಲುವು ಮತ್ತು ಅಚ್ಚುಕಟ್ಟಾದ ಟಂಕನ. ಇಲ್ಲಿ ಆಳುವುದು ಸಂಗ್ರಹದ ಬೆಲೆ.

ಹಣವೂ ಹೌದು, ಹಣವಲ್ಲವೂ ಹೌದು

ಸ್ಮಾರಕ ನಾಣ್ಯಗಳ ಜಾಹೀರಾತಿನಲ್ಲಿ ‘ಕಾನೂನುಬದ್ಧ ಹಣ’ ಎಂಬ ಮಾತು ತಪ್ಪದೆ ಇರುತ್ತದೆ. ಮಾತು ಸುಳ್ಳಲ್ಲ, ಆದರೆ ಓದುವವರು ಅದಕ್ಕೆ ಕೊಡುವ ಅರ್ಥ ಬೇರೆ. ಬ್ರಿಟನ್ನಿನಲ್ಲಿ ಅದರ ಅರ್ಥ ಬಹಳ ಸೀಮಿತ: ಸಾಲ ತೀರಿಸಬೇಕಾದವರು ಆ ನಾಣ್ಯದಲ್ಲಿ ನ್ಯಾಯಾಲಯಕ್ಕೆ ಹಣ ಸಲ್ಲಿಸಿದರೆ, ಸಾಲ ತೀರಿಸಲಿಲ್ಲವೆಂದು ಅವರ ಮೇಲೆ ಹೂಡಿದ ದಾವೆ ಗೆಲ್ಲುವುದಿಲ್ಲ. ಅಂಗಡಿಯವರಾಗಲಿ ಬ್ಯಾಂಕಿನವರಾಗಲಿ ಅದನ್ನು ತೆಗೆದುಕೊಳ್ಳಲೇಬೇಕೆಂಬ ಕಟ್ಟಳೆ ಅದರಿಂದ ಹುಟ್ಟುವುದಿಲ್ಲ. ಕೆಲವು ವರ್ಷ ರಾಯಲ್ ಮಿಂಟ್ 20, 50 ಮತ್ತು 100 ಪೌಂಡಿನ ಬೆಳ್ಳಿ ನಾಣ್ಯಗಳನ್ನು ಮುಖಬೆಲೆಗೇ ಮಾರಿತ್ತು. ಕೊಂಡ ಕೆಲವರು ಅವನ್ನು ಬ್ಯಾಂಕಿಗೆ ಕಟ್ಟಲು ಹೋದಾಗ ಹಿಂದಿರುಗಿ ಬರಬೇಕಾಯಿತು. ಸಂಗ್ರಹಕ್ಕೆಂದು ಮಾಡಿದ ನಾಣ್ಯ ಮತ್ತು ಚಲಾವಣೆಗೆಂದು ಮಾಡಿದ ನಾಣ್ಯ, ಎರಡರ ಮೇಲೂ ರಾಣಿಯ ಮುಖವಿದ್ದರೂ ವ್ಯವಹಾರದಲ್ಲಿ ಅವು ಬೇರೆಬೇರೆ ಎಂಬುದನ್ನು ಆ ಪ್ರಸಂಗ ತೋರಿಸಿತು.

ಯೂರೊ ವಲಯದಲ್ಲಿ ಈ ಗೆರೆಯನ್ನು ನಿಯಮವೇ ಎಳೆದಿದೆ. ಪ್ರತಿ ದೇಶವೂ ವರ್ಷಕ್ಕೆ ಎರಡು ವಿಷಯಗಳ ಮೇಲೆ 2 ಯೂರೊ ಸ್ಮಾರಕ ನಾಣ್ಯ ಹೊರಡಿಸಬಹುದು. ಅದು ವಲಯದ ಎಲ್ಲ ದೇಶಗಳಲ್ಲೂ ಸಲ್ಲುತ್ತದೆ. ಸಂಗೀತ ರಚನಕಾರ ಸಿಬೆಲಿಯಸ್ ಹುಟ್ಟಿದ 150ನೆಯ ವರ್ಷಕ್ಕೆ 2015ರಲ್ಲಿ ಫಿನ್ಲೆಂಡ್ ತಂದ 2 ಯೂರೊ ನಾಣ್ಯ ಲಿಸ್ಬನ್ನಿನಲ್ಲೂ ಅಥೆನ್ಸಿನಲ್ಲೂ ನಡೆಯುತ್ತದೆ. 2013ರಲ್ಲಿ ಒಪೆರಾ ರಚನಕಾರ ವೆರ್ದಿಯ ದ್ವಿಶತಮಾನೋತ್ಸವಕ್ಕೆ ಇಟಲಿ ತಂದ ನಾಣ್ಯವೂ ಹಾಗೆಯೇ. ಆದರೆ ಬೀಥೋವನ್ ಹುಟ್ಟಿದ 250ನೆಯ ವರ್ಷಕ್ಕೆ 2020ರಲ್ಲಿ ಜರ್ಮನಿ ತಂದ 20 ಯೂರೊ ಬೆಳ್ಳಿ ನಾಣ್ಯ ಜರ್ಮನಿಯೊಳಗೆ ಮಾತ್ರ ಕಾನೂನುಬದ್ಧ ಹಣ. ಗಡಿ ದಾಟಿದರೆ ಅದು ಕೇವಲ ಬೆಳ್ಳಿಯ ಸುಂದರ ಬಿಲ್ಲೆ. ಸಂಗ್ರಹದ ನಾಣ್ಯಗಳ ಮುಖಬೆಲೆ ಚಲಾವಣೆಯ ನಾಣ್ಯಗಳ ಮುಖಬೆಲೆಗಿಂತ ಬೇರೆಯೇ ಇರಬೇಕೆಂಬ ನಿಯಮವೂ ಅಲ್ಲಿದೆ. ಜರ್ಮನಿಯ ನಾಣ್ಯಕ್ಕೆ 20 ಎಂಬ ಅಂಕೆ ಬರಲು ಸಾಧ್ಯವಾದದ್ದು ಚಲಾವಣೆಯಲ್ಲಿ ಆ ಮೊತ್ತದ ನಾಣ್ಯವಿಲ್ಲದ್ದರಿಂದ.

ಭಾರತದಲ್ಲಿ ನಾಣ್ಯಗಳ ವಿಚಾರವನ್ನು ನಿಯಂತ್ರಿಸುವುದು 2011ರ ನಾಣ್ಯ ಕಾಯ್ದೆ. ಅದರ ಪ್ರಕಾರ ಕೇಂದ್ರ ಸರ್ಕಾರ 1000 ರೂಪಾಯಿವರೆಗಿನ ಯಾವುದೇ ಮುಖಬೆಲೆಯ ನಾಣ್ಯವನ್ನು ಟಂಕಿಸಬಹುದು. ಹೊಸ ನಾಣ್ಯವೊಂದು ಬರುವ ಮುನ್ನ ಹಣಕಾಸು ಸಚಿವಾಲಯ ರಾಜಪತ್ರದಲ್ಲಿ ಅಧಿಸೂಚನೆ ಹೊರಡಿಸುತ್ತದೆ. ನಾಣ್ಯದ ವ್ಯಾಸ, ಲೋಹದ ಪ್ರಮಾಣ, ಅಂಚಿನ ಗೀರುಗಳ ಸಂಖ್ಯೆ, ಎರಡೂ ಬದಿಗಳಲ್ಲಿ ಏನಿರಬೇಕು ಎಂಬುದೆಲ್ಲ ಅದರಲ್ಲಿರುತ್ತದೆ. ಸ್ವತಂತ್ರ ಭಾರತದ ಸ್ಮಾರಕ ನಾಣ್ಯಗಳ ಪರಂಪರೆ 1964ರಲ್ಲಿ ನೆಹರೂ ಅವರ ನಾಣ್ಯದೊಂದಿಗೆ ಆರಂಭವಾಯಿತು. ಸಂಗೀತಗಾರರಲ್ಲಿ ಬೇಗಂ ಅಖ್ತರ್ ಅವರ ಜನ್ಮಶತಮಾನೋತ್ಸವಕ್ಕೆ 2014ರಲ್ಲಿ 100 ರೂಪಾಯಿ ಮತ್ತು 5 ರೂಪಾಯಿ ನಾಣ್ಯಗಳು ಬಂದವು. ಎಂ. ಎಸ್. ಸುಬ್ಬುಲಕ್ಷ್ಮಿ ಅವರ ಜನ್ಮಶತಮಾನೋತ್ಸವದ 100 ರೂಪಾಯಿ ಮತ್ತು 10 ರೂಪಾಯಿ ನಾಣ್ಯಗಳು ಬಂದದ್ದು 2017ರಲ್ಲಿ. ಭೂಪೇನ್ ಹಜಾರಿಕಾ ಅವರ ಜನ್ಮಶತಮಾನೋತ್ಸವದ ನಾಣ್ಯ 2025ರ ಸೆಪ್ಟೆಂಬರಿನಲ್ಲಿ ಬಿಡುಗಡೆಯಾಯಿತು. ಸುಬ್ಬುಲಕ್ಷ್ಮಿ ಹುಟ್ಟಿದ್ದು 1916ರ ಸೆಪ್ಟೆಂಬರ್ 16ರಂದು. ಅಂದರೆ ಶತಮಾನೋತ್ಸವದ ದಿನ ಕಳೆದು ವರ್ಷವಾದ ಮೇಲೆ ನಾಣ್ಯ ಕೈಸೇರಿತು. ಇಂತಹ ವಿಳಂಬ ಅಪರೂಪವೇನಲ್ಲ. ಭಾರತರತ್ನ ಪಡೆದ ಮೊದಲ ಸಂಗೀತಗಾರರಾದ ಅವರ ನಾಣ್ಯ ಸಕಾಲಕ್ಕೆ ಬಂದಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು ಎಂದು ನನಗನ್ನಿಸುತ್ತದೆ.

ಈ 100 ರೂಪಾಯಿ ನಾಣ್ಯಗಳನ್ನು ಸ್ವಲ್ಪ ಹತ್ತಿರದಿಂದ ನೋಡೋಣ. 2014 ಮತ್ತು 2017ರಲ್ಲಿ ಬಂದ ಆ ನಾಣ್ಯಗಳ ವ್ಯಾಸ 44 ಮಿಲಿಮೀಟರ್, ತೂಕ 35 ಗ್ರಾಂ. ಲೋಹ ನಾಲ್ಕರ ಮಿಶ್ರಣ: ಬೆಳ್ಳಿ 50, ತಾಮ್ರ 40, ನಿಕಲ್ 5, ಸತು 5 ಪಾಲು. ಹಾಗಾಗಿ ಒಂದು ನಾಣ್ಯದಲ್ಲಿರುವ ಬೆಳ್ಳಿ 17.5 ಗ್ರಾಂ, ‘ಬೆಳ್ಳಿ ನಾಣ್ಯ’ ಎಂಬ ಮಾತು ಕೇಳಿ 35 ಗ್ರಾಂ ಬೆಳ್ಳಿಯೆಂದು ಲೆಕ್ಕ ಹಾಕುವವರು ಇಲ್ಲಿ ಎಡವುತ್ತಾರೆ. ಅಂಚಿನ ಸುತ್ತ 200 ಗೀರುಗಳು. ಮುಂಬದಿಯ ನಡುವೆ ಅಶೋಕಸ್ತಂಭದ ಸಿಂಹಶಿರ, ಅದರ ಕೆಳಗೆ ದೇವನಾಗರಿಯಲ್ಲಿ ‘ಸತ್ಯಮೇವ ಜಯತೆ’, ಒಂದು ಪಕ್ಕದಲ್ಲಿ ದೇವನಾಗರಿಯಲ್ಲಿ, ಇನ್ನೊಂದು ಪಕ್ಕದಲ್ಲಿ ಇಂಗ್ಲಿಷಿನಲ್ಲಿ ದೇಶದ ಹೆಸರು, ಕೆಳಗೆ ರೂಪಾಯಿ ಚಿಹ್ನೆಯೊಂದಿಗೆ ಮುಖಬೆಲೆ. ಹಿಂಬದಿಯಲ್ಲಿ ಗೌರವಿಸಲ್ಪಟ್ಟವರ ಭಾವಚಿತ್ರ, ಹೆಸರು, ವರ್ಷಗಳು. ಈ 100 ರೂಪಾಯಿ ನಾಣ್ಯ ಚಲಾವಣೆಗೆ ಬಿಡುವಂಥದ್ದಲ್ಲ. ಸರ್ಕಾರಿ ಟಂಕಸಾಲೆಗಳನ್ನು ನಡೆಸುವ ನಿಗಮ ಅದನ್ನು ಪೆಟ್ಟಿಗೆಯಲ್ಲಿಟ್ಟು, ಮುಖಬೆಲೆಗಿಂತ ಬಹಳ ಹೆಚ್ಚಿನ ದರಕ್ಕೆ, ಮುಂಗಡ ಕಾಯ್ದಿರಿಸಿದವರಿಗೆ ಮಾರುತ್ತದೆ. ಚಲಾವಣೆಗೆ ಬರುವ ಸಣ್ಣ ಮುಖಬೆಲೆಯ ಸ್ಮಾರಕ ನಾಣ್ಯಗಳ ಕಥೆ ಬೇರೆ. 10 ರೂಪಾಯಿ ನಾಣ್ಯಗಳ ವಿನ್ಯಾಸಗಳು ಹಲವಾದಾಗ ಅವು ನಕಲಿಯೆಂಬ ವದಂತಿ ಹಬ್ಬಿ ವರ್ತಕರು ತೆಗೆದುಕೊಳ್ಳಲು ಹಿಂಜರಿದರು. ಅಲ್ಲಿಯವರೆಗೆ ಹೊರಬಂದ 14 ವಿನ್ಯಾಸಗಳೂ ಕಾನೂನುಬದ್ಧವೆಂದು ರಿಸರ್ವ್ ಬ್ಯಾಂಕ್ 2018ರ ಜನವರಿಯಲ್ಲಿ ಸ್ಪಷ್ಟನೆ ಕೊಡಬೇಕಾಯಿತು.

ಒಂದೇ ಮುಖ, ಹಲವು ಮೆರುಗು

ಒಂದೇ ಸಂಗೀತಗಾರನ ನಾಣ್ಯವನ್ನು ಒಂದೇ ಟಂಕಸಾಲೆ ಐದಾರು ರೂಪಗಳಲ್ಲಿ, ಐದಾರು ದರಗಳಲ್ಲಿ ಮಾರುವುದನ್ನು ಕಂಡು ಹೊಸಬರು ಗೊಂದಲಗೊಳ್ಳುತ್ತಾರೆ. ವ್ಯತ್ಯಾಸ ಎರಡು ಕಡೆ ಇರುತ್ತದೆ: ಲೋಹದಲ್ಲಿ ಮತ್ತು ತಯಾರಿಕೆಯಲ್ಲಿ. ಲೋಹದ ವ್ಯತ್ಯಾಸ ಸುಲಭವಾಗಿ ತಿಳಿಯುತ್ತದೆ. ‘ಕ್ವೀನ್’ ನಾಣ್ಯದ ತಾಮ್ರ-ನಿಕಲ್ ರೂಪಕ್ಕೆ 5 ಪೌಂಡ್ ಮುಖಬೆಲೆಯಿದ್ದರೆ, ಒಂದು ಔನ್ಸ್ ಬೆಳ್ಳಿಯದಕ್ಕೆ 2 ಪೌಂಡ್, ಕಾಲು ಔನ್ಸ್ ಚಿನ್ನದ್ದಕ್ಕೆ 25 ಪೌಂಡ್. ಬೆಳ್ಳಿಯದರ ಮುಖಬೆಲೆ ಅಗ್ಗದ ಲೋಹದ್ದಕ್ಕಿಂತ ಕಡಿಮೆ! ಸಂಗ್ರಹದ ನಾಣ್ಯಗಳಲ್ಲಿ ಮುಖಬೆಲೆ ಎಷ್ಟರಮಟ್ಟಿಗೆ ಔಪಚಾರಿಕವಾದದ್ದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ತಯಾರಿಕೆಯ ವ್ಯತ್ಯಾಸವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ನಾಣ್ಯದ ನಿಜವಾದ ಕಸುಬು ಇರುವುದು ಅಲ್ಲಿ. ಮೊದಲು ಕಲಾವಿದರು ಚಿತ್ರ ಬರೆಯುತ್ತಾರೆ. ಅದರ ಉಬ್ಬುರೂಪವನ್ನು ಹಿಂದೆಲ್ಲ ಪ್ಲಾಸ್ಟರಿನಲ್ಲಿ ನಾಣ್ಯದ ಹಲವು ಪಟ್ಟು ದೊಡ್ಡದಾಗಿ ಮಾಡಿ, ಯಂತ್ರದ ಕೈಯಿಂದ ಅದನ್ನು ಸವರುತ್ತ ಉಕ್ಕಿನ ಮೇಲೆ ಕಿರಿದಾಗಿಸಿ ಕೆತ್ತುತ್ತಿದ್ದರು. ಈಗ ಬಹುಪಾಲು ಕಂಪ್ಯೂಟರಿನಲ್ಲೇ ಉಬ್ಬುರೂಪ ಸಿದ್ಧವಾಗಿ, ಯಂತ್ರ ನೇರವಾಗಿ ಉಕ್ಕನ್ನು ಕೊರೆಯುತ್ತದೆ. ಅದರಿಂದ ಅಚ್ಚುಗಳನ್ನು ತೆಗೆದು, ಕಾಯಿಸಿ ಗಡುಸುಗೊಳಿಸುತ್ತಾರೆ. ಚಲಾವಣೆಯ ನಾಣ್ಯವಾದರೆ ಆ ಅಚ್ಚುಗಳ ನಡುವೆ ಖಾಲಿ ಬಿಲ್ಲೆಗಳು ನಿಮಿಷಕ್ಕೆ ನೂರಾರರ ವೇಗದಲ್ಲಿ ಹಾದು, ಒಂದೇ ಹೊಡೆತಕ್ಕೆ ನಾಣ್ಯವಾಗಿ ಡಬ್ಬಕ್ಕೆ ಬೀಳುತ್ತವೆ. ಒಂದರ ಮೇಲೊಂದು ಬಿದ್ದು ತರಚುಗಾಯಗಳಾಗುತ್ತವೆ. ‘ಬ್ರಿಲಿಯಂಟ್ ಅನ್‌ಸರ್ಕ್ಯುಲೇಟೆಡ್’ (ಚಲಾವಣೆಗೆ ಬಾರದ, ಹೊಳಪಿನ) ಎಂದು ಮಾರುವವಕ್ಕೆ ಅಚ್ಚುಗಳನ್ನು ಹೆಚ್ಚು ಜತನದಿಂದ ಸಿದ್ಧಪಡಿಸಿ, ವೇಗ ತಗ್ಗಿಸಿ, ಬೀಳದಂತೆ ಎತ್ತಿಡುತ್ತಾರೆ.

‘ಪ್ರೂಫ್’ ನಾಣ್ಯದ ದಾರಿಯೇ ಬೇರೆ. ಇಲ್ಲಿ ಅಚ್ಚಿನ ಸಮತಟ್ಟಾದ ಭಾಗವನ್ನು ಕನ್ನಡಿಯಂತಾಗುವವರೆಗೆ ಉಜ್ಜುತ್ತಾರೆ. ಚಿತ್ರ ಮೂಡಬೇಕಾದ ತಗ್ಗುಗಳನ್ನು ಮಾತ್ರ ಸಣ್ಣ ಕಣಗಳ ಎರಚುವಿಕೆಯಿಂದಲೋ ಲೇಸರಿನಿಂದಲೋ ತರಿತರಿಯಾಗಿಸುತ್ತಾರೆ. ಖಾಲಿ ಬಿಲ್ಲೆಗೂ ಹೊಳಪು ಕೊಟ್ಟಿರುತ್ತಾರೆ. ಅದನ್ನು ಕೈಯಿಂದ ಅಚ್ಚಿನ ನಡುವೆ ಕೂರಿಸಿ, ಒಂದಕ್ಕಿಂತ ಹೆಚ್ಚು ಬಾರಿ ನಿಧಾನವಾಗಿ ಒತ್ತಿದಾಗ ಲೋಹ ಅತಿ ಸಣ್ಣ ಗೆರೆಗಳೊಳಗೂ ಹರಿಯುತ್ತದೆ. ಫಲವಾಗಿ ಹಿನ್ನೆಲೆ ಕನ್ನಡಿಯಂತೆಯೂ ಮುಖ ಅಥವಾ ವಾದ್ಯ ಮಂಜುಬಿದ್ದಂತೆ ಬೆಳ್ಳಗೂ ಕಾಣುತ್ತದೆ. ಬೆಳಕಿಗೆ ಹಿಡಿದು ಓರೆಮಾಡಿದರೆ ಕಪ್ಪು ಬಿಳುಪುಗಳು ಅದಲುಬದಲಾಗುತ್ತವೆ. ಪ್ರೂಫ್ ನಾಣ್ಯಕ್ಕೆ ಹೆಚ್ಚು ಹಣ ಕೇಳುವುದು ಈ ಶ್ರಮಕ್ಕಾಗಿ. ಅದು ನಾಣ್ಯದ ಸ್ಥಿತಿಯ ಹೆಸರಲ್ಲ, ತಯಾರಿಕೆಯ ವಿಧಾನದ ಹೆಸರು. ಗೀರುಬಿದ್ದು ಹಾಳಾದ ಪ್ರೂಫ್ ನಾಣ್ಯವೂ ಪ್ರೂಫ್ ನಾಣ್ಯವೇ.

ವಿನ್ಯಾಸಕಾರರಿಗೆ ಸಂಗೀತಗಾರ ಒಡ್ಡುವ ಸವಾಲು ರಾಜಕಾರಣಿ ಒಡ್ಡುವುದಕ್ಕಿಂತ ದೊಡ್ಡದು. ರಾಜಕಾರಣಿಯ ಮುಖವೇ ಅವರ ಗುರುತು. ಸಂಗೀತಗಾರರ ಗುರುತು ಇರುವುದು ನಾದದಲ್ಲಿ, ಅದನ್ನು ಒಂದು ಮಿಲಿಮೀಟರಿಗಿಂತ ಕಡಿಮೆ ಎತ್ತರದ ಉಬ್ಬಿನಲ್ಲಿ ಸೂಚಿಸಬೇಕು. ರಾಯಲ್ ಮಿಂಟ್ ಸಂಗೀತಗಾರರಿಗಾಗಿ ತಂದ ನಾಣ್ಯಗಳ ಸರಣಿಯಲ್ಲಿ ಇದಕ್ಕೆ ಬೇರೆಬೇರೆ ಪರಿಹಾರಗಳನ್ನು ಕಾಣಬಹುದು. ಕ್ರಿಸ್ ಫೇಸಿ ವಿನ್ಯಾಸ ಮಾಡಿದ ‘ಕ್ವೀನ್’ ನಾಣ್ಯದಲ್ಲಿ ತಂಡದ ನಾಲ್ವರಲ್ಲಿ ಯಾರ ಮುಖವೂ ಇಲ್ಲ. ಫ್ರೆಡ್ಡಿ ಮರ್ಕ್ಯುರಿಯ ಪಿಯಾನೊದ ಮನೆಗಳು, ಬ್ರಯಾನ್ ಮೇ ತಮ್ಮ ತಂದೆಯ ಜೊತೆ ಸೇರಿ ಮನೆಯಲ್ಲೇ ಕಟ್ಟಿದ ಗಿಟಾರ್, ಜಾನ್ ಡೀಕನ್ ಅವರ ಬೇಸ್ ಗಿಟಾರ್, ರೋಜರ್ ಟೇಲರ್ ಅವರ ಡ್ರಮ್, ಈ ನಾಲ್ಕೇ ಒಂದರ ಮೇಲೊಂದು ಹಾಯ್ದು ನಿಂತಿವೆ. ನಾಲ್ವರಿಗೂ ಸಮಪಾಲು ಸಿಕ್ಕಿದೆ. ಅದೇ 2020ರಲ್ಲಿ ಬಂದ, ಗಾಯಕ ಎಲ್ಟನ್ ಜಾನ್ ಅವರ ನಾಣ್ಯದಲ್ಲಿ ಬ್ರ್ಯಾಡ್ಲಿ ಮಾರ್ಗನ್ ಜಾನ್ಸನ್ ಸಂಗೀತಲಿಪಿಯ ಚಿಹ್ನೆಗಳಿಂದಲೇ ಟೋಪಿ ಮತ್ತು ಕನ್ನಡಕವನ್ನು ಕಟ್ಟಿ, ಕೆಳಗೆ ಬ್ರಿಟನ್ನಿನ ಧ್ವಜದ ಬೋ ಟೈ ತೊಡಿಸಿದರು. ಮುಖದ ಗೆರೆ ಒಂದೂ ಇಲ್ಲದೆ ವ್ಯಕ್ತಿ ಯಾರೆಂದು ಗೊತ್ತಾಗುತ್ತದೆ. ಗಾಯಕ ಡೇವಿಡ್ ಬೋವಿಯ ನಾಣ್ಯದಲ್ಲಿ ಮಾತ್ರ ಮುಖವಿದೆ, ಜೊತೆಗೆ ಅವರನ್ನು ಥಟ್ಟನೆ ಗುರುತಿಸುವ ಮಿಂಚಿನ ಗೆರೆಯೂ ಇದೆ. ಆ ನಾಣ್ಯವೊಂದನ್ನು ಪ್ರಚಾರಕ್ಕಾಗಿ ಬಲೂನಿನಲ್ಲಿ ಸುಮಾರು 35 ಕಿಲೋಮೀಟರ್ ಎತ್ತರಕ್ಕೆ ಕಳಿಸಿ ಇಳಿಸಲಾಯಿತು. ನನ್ನ ಮಟ್ಟಿಗೆ ಈ ಮೂರರಲ್ಲಿ ಎಲ್ಟನ್ ಜಾನ್ ನಾಣ್ಯವೇ ಮಿಗಿಲು: ವ್ಯಕ್ತಿ ಮತ್ತು ಸಂಗೀತ ಎರಡನ್ನೂ ಒಂದೇ ಗೆರೆಯಲ್ಲಿ ಹೇಳುವುದು ಸುಲಭದ ಕೆಲಸವಲ್ಲ.

ಸಂಖ್ಯೆಯ ಆಟ

ಸಂಗ್ರಹದ ಬೆಲೆಯನ್ನು ನಿರ್ಧರಿಸುವುದು ಎರಡೇ: ಎಷ್ಟು ನಾಣ್ಯಗಳಿವೆ, ಎಷ್ಟು ಜನ ಬಯಸುತ್ತಾರೆ. ಮೊದಲನೆಯದಕ್ಕೆ ಆಸ್ಟ್ರಿಯಾ 1928ರಿಂದ ತಂದ 2 ಶಿಲ್ಲಿಂಗ್ ಬೆಳ್ಳಿ ನಾಣ್ಯಗಳ ಸರಣಿ ಒಳ್ಳೆಯ ಪಾಠ. ಸಂಗೀತ ರಚನಕಾರ ಶೂಬರ್ಟ್ ತೀರಿಕೊಂಡ ನೂರನೆಯ ವರ್ಷಕ್ಕೆ 1928ರಲ್ಲಿ ಬಂದ ನಾಣ್ಯ ಸುಮಾರು 69 ಲಕ್ಷ ಅಚ್ಚಾಯಿತು. 1931ರ ಮೊಜಾರ್ಟ್ ನಾಣ್ಯ ಸುಮಾರು 5 ಲಕ್ಷ. 1932ರ ಹೈಡನ್ ನಾಣ್ಯ ಸುಮಾರು 3 ಲಕ್ಷ. ಗಾತ್ರ, ತೂಕ, ಬೆಳ್ಳಿ ಎಲ್ಲವೂ ಒಂದೇ ಬಗೆ. ಆದರೂ ಇಂದು ಶೂಬರ್ಟ್ ನಾಣ್ಯ ಸುಲಭವಾಗಿ, ಬೆಳ್ಳಿಯ ಬೆಲೆಯ ಆಸುಪಾಸಿನಲ್ಲೇ ಸಿಗುತ್ತದೆ. ಹೈಡನ್ ನಾಣ್ಯಕ್ಕೆ ಅದಕ್ಕಿಂತ ಬಹಳ ಹೆಚ್ಚು ಕೊಡಬೇಕು. ಇದಕ್ಕೆ ಅವರ ಸಂಗೀತ ಕಾರಣವಲ್ಲ.

ಸಂಖ್ಯೆಯನ್ನು ಬೇಕೆಂದೇ ಕುಗ್ಗಿಸಿ ಬೆಲೆಯನ್ನು ಹಿಗ್ಗಿಸಬಹುದು ಎಂಬುದಕ್ಕೆ ನಾಣ್ಯಶಾಸ್ತ್ರದ ಚರಿತ್ರೆಯಲ್ಲಿ ಅಳಿಸಲಾಗದ ಉದಾಹರಣೆಯೊಂದಿದೆ, ಅದರ ಮೇಲಿರುವುದೂ ಸಂಗೀತಗಾರನ ಮುಖವೇ. 1936ರಲ್ಲಿ ಅಮೆರಿಕದ ಸಂಸತ್ತು ಸಿನ್ಸಿನಾಟಿ ನಗರ ‘ಸಂಗೀತ ಕೇಂದ್ರ’ವಾದ 50ನೆಯ ವರ್ಷವೆಂದು ಅರ್ಧ ಡಾಲರಿನ ಸ್ಮಾರಕ ನಾಣ್ಯಕ್ಕೆ ಒಪ್ಪಿಗೆ ಕೊಟ್ಟಿತು. ನಾಣ್ಯದ ಮೇಲೆ 1886 ಮತ್ತು 1936 ಎಂಬ ವರ್ಷಗಳು, ಒಂದು ಬದಿಯಲ್ಲಿ ಗೀತರಚನಕಾರ ಸ್ಟೀಫನ್ ಫಾಸ್ಟರ್ ಅವರ ಪಾರ್ಶ್ವಚಿತ್ರ, ಇನ್ನೊಂದು ಬದಿಯಲ್ಲಿ ಲೈರ್ ವಾದ್ಯ ಹಿಡಿದ ಸಂಗೀತದೇವತೆ. ತೊಂದರೆಯೆಂದರೆ 1886ರಲ್ಲಿ ಆ ನಗರದಲ್ಲಿ ಸ್ಮರಿಸಬೇಕಾದಂಥ ಸಂಗೀತದ ಘಟನೆಯೊಂದೂ ನಡೆದಿರಲಿಲ್ಲ. ಫಾಸ್ಟರ್ ಅಲ್ಲಿದ್ದದ್ದು 1840ರ ದಶಕದ ಕೊನೆಯಲ್ಲಿ, ಅಣ್ಣನ ವ್ಯವಹಾರದಲ್ಲಿ ಲೆಕ್ಕ ಬರೆಯುವವರಾಗಿ ಕೆಲವೇ ವರ್ಷ. 1864ರಲ್ಲಿ ಅವರು ತೀರಿಕೊಂಡಿದ್ದರು. ಆ ಕಾಲದಲ್ಲಿ ಇಂತಹ ನಾಣ್ಯಗಳನ್ನು ಟಂಕಸಾಲೆ ನೇರವಾಗಿ ಮಾರುತ್ತಿರಲಿಲ್ಲ. ಕಾಯ್ದೆಯಲ್ಲಿ ಹೆಸರಿಸಿದ ಸಂಘಕ್ಕೆ ಮುಖಬೆಲೆಗೆ ಕೊಡುತ್ತಿತ್ತು, ಸಂಘ ತನಗೆ ಬೇಕಾದ ದರಕ್ಕೆ ಮಾರುತ್ತಿತ್ತು. ಇಲ್ಲಿ ಆ ಸಂಘದ ಹಿಂದಿದ್ದವರು ಥಾಮಸ್ ಮೆಲಿಷ್ ಎಂಬ ಉದ್ಯಮಿ ಮತ್ತು ನಾಣ್ಯಸಂಗ್ರಾಹಕ. ಮೂರು ಟಂಕಸಾಲೆಗಳಿಂದ ತಲಾ 5000ದಂತೆ ಬಂದದ್ದು ಒಟ್ಟು 15 ಸಾವಿರ ನಾಣ್ಯ. ಸಂಗ್ರಾಹಕರಿಗೆ ಮೂರೂ ಟಂಕಸಾಲೆಗಳ ಗುರುತು ಬೇಕು, ಆದ್ದರಿಂದ ಮೂರನ್ನೂ ಸೇರಿಸಿಯೇ ಮಾರಲಾಯಿತು: ಒಂದೂವರೆ ಡಾಲರ್ ಮುಖಬೆಲೆಯ ಜೋಡಣೆಗೆ 7.75 ಡಾಲರ್. ಅಷ್ಟಕ್ಕೂ ಸಿಗದ ಹಲವರು ಮರುಮಾರುಕಟ್ಟೆಯಲ್ಲಿ ಇನ್ನೂ ಹಲವು ಪಟ್ಟು ತೆತ್ತರು. ನಾಣ್ಯಗಳ ವಿನ್ಯಾಸದ ಬಗ್ಗೆ ಸಲಹೆ ಕೊಡುವ ಸರ್ಕಾರಿ ಲಲಿತಕಲೆಗಳ ಆಯೋಗ ಮೊದಲೇ ಆಕ್ಷೇಪಿಸಿದ್ದರೂ ಪ್ರಯೋಜನವಾಗಿರಲಿಲ್ಲ. ಇಂತಹ ದುರ್ಬಳಕೆಗಳು ಹೆಚ್ಚಾಗಿ, 1939ರಲ್ಲಿ ಸಂಸತ್ತು ಹಳೆಯ ಸ್ಮಾರಕ ನಾಣ್ಯಗಳ ಟಂಕನವನ್ನು ಕಾಯ್ದೆಯಿಂದಲೇ ನಿಲ್ಲಿಸಿತು. 1954ರ ನಂತರ ಹೊಸದೂ ಬರಲಿಲ್ಲ. ಪರಂಪರೆ ಮರಳಿ ಆರಂಭವಾದದ್ದು 1982ರಲ್ಲಿ. ಈಗ ಅಲ್ಲಿ ವರ್ಷಕ್ಕೆ ಎರಡೇ ವಿಷಯಗಳೆಂಬ ಮಿತಿಯಿದೆ, ಮಾರುವುದೂ ಟಂಕಸಾಲೆಯೇ.

ಎರಡನೆಯ ಅಂಶ, ಅಂದರೆ ಬೇಡಿಕೆ, ಹೆಚ್ಚು ಚಂಚಲ. ಸಂಗೀತಗಾರರ ನಾಣ್ಯವನ್ನು ಕೊಳ್ಳುವವರಲ್ಲಿ ಎರಡು ಗುಂಪುಗಳಿವೆ. ನಾಣ್ಯಸಂಗ್ರಾಹಕರು ಸರಣಿ ಪೂರ್ತಿಯಾಗಲೆಂದು ಕೊಳ್ಳುತ್ತಾರೆ. ಅಭಿಮಾನಿಗಳು ಆ ಒಬ್ಬರಿಗಾಗಿ ಕೊಳ್ಳುತ್ತಾರೆ. ಬಿಡುಗಡೆಯ ವಾರದಲ್ಲಿ ಎರಡೂ ಗುಂಪುಗಳು ಒಟ್ಟಿಗೆ ಬರುವುದರಿಂದ ಮರುಮಾರಾಟದ ದರ ಏರುತ್ತದೆ. ಕೆಲವು ತಿಂಗಳಲ್ಲಿ ಅಭಿಮಾನಿಗಳ ಬಯಕೆ ತೀರಿ, ದರ ಇಳಿಯುತ್ತದೆ. ಸಾವಿರಾರು ಸಂಖ್ಯೆಯಲ್ಲಿ ಸಿಗುವ ತಾಮ್ರ-ನಿಕಲ್ ರೂಪಗಳು ಬಹುಪಾಲು ಕೊಂಡ ದರಕ್ಕೂ ಮರಳಿ ಮಾರಾಟವಾಗುವುದಿಲ್ಲ. ಅವುಗಳನ್ನು ಹೂಡಿಕೆಯೆಂದು ಯಾರಾದರೂ ಮಾರುತ್ತಿದ್ದರೆ ಆ ಮಾತನ್ನು ನಂಬಬಾರದೆಂದು ನಾನು ಗಟ್ಟಿಯಾಗಿ ಹೇಳುತ್ತೇನೆ. ಚಿನ್ನ ಬೆಳ್ಳಿಯವಕ್ಕಾದರೆ ಲೋಹದ ಬೆಲೆ ಕೆಳಗಿನಿಂದ ಒಂದು ಆಧಾರವಾಗಿ ನಿಲ್ಲುತ್ತದೆ. ಆದರೆ ಲೋಹಕ್ಕಾಗಿಯೇ ಕೊಳ್ಳುವವರಿಗೆ ಫಿಲ್ಹಾರ್ಮೋನಿಕ್‌ನಂತಹ, ಲೋಹದ ಬೆಲೆಗೆ ಸ್ವಲ್ಪವೇ ಸೇರಿಸಿ ಮಾರುವ ನಾಣ್ಯ ಪ್ರೂಫ್ ಪೆಟ್ಟಿಗೆಗಿಂತ ಲಾಭಕರ.

ಬೆಲೆ ಹೆಚ್ಚಿಸುವ ಇನ್ನೊಂದು ಉಪಾಯ ದರ್ಜೆ. ಎನ್‌ಜಿಸಿ, ಪಿಸಿಜಿಎಸ್ ಮುಂತಾದ ಸಂಸ್ಥೆಗಳು ನಾಣ್ಯವನ್ನು ಪರೀಕ್ಷಿಸಿ, 1ರಿಂದ 70ರವರೆಗಿನ ಅಂಕ ಕೊಟ್ಟು, ಪ್ಲಾಸ್ಟಿಕ್ ಫಲಕದೊಳಗೆ ಮುಚ್ಚಿ ಕೊಡುತ್ತವೆ. ಹಳೆಯ, ಅಪರೂಪದ, ನಕಲಿಗಳು ಹೆಚ್ಚಿರುವ ನಾಣ್ಯಗಳಿಗೆ ಇದು ನಿಜಕ್ಕೂ ಉಪಯುಕ್ತ. ಟಂಕಸಾಲೆಯಿಂದ ನೇರವಾಗಿ ಪೆಟ್ಟಿಗೆಗೆ ಬಂದ ಹೊಸ ನಾಣ್ಯಕ್ಕೆ ಮಾತ್ರ 69ಕ್ಕೂ 70ಕ್ಕೂ ಇರುವ ವ್ಯತ್ಯಾಸ ಬರಿಗಣ್ಣಿಗೆ ಕಾಣುವಂಥದ್ದಲ್ಲ, ಅದಕ್ಕೆ ದುಪ್ಪಟ್ಟು ತೆರುವುದು ನನಗೆ ಸರಿಯೆನಿಸುವುದಿಲ್ಲ.

ನಾಣ್ಯದಂತೆ ಕಾಣುವವು

ಹೆಸರಾಂತ ಗಾಯಕರ ಚಿತ್ರವಿರುವ, ಚಿನ್ನದ ಬಣ್ಣದ ಬಿಲ್ಲೆಗಳೆಲ್ಲ ನಾಣ್ಯಗಳಲ್ಲ. ನಾಣ್ಯವಾಗಬೇಕಾದರೆ ಅದನ್ನು ದೇಶವೊಂದರ ಹೆಸರಿನಲ್ಲಿ ಅಧಿಕೃತವಾಗಿ ಹೊರಡಿಸಿರಬೇಕು, ಸಾಮಾನ್ಯವಾಗಿ ಮುಖಬೆಲೆಯೂ ಅದರ ಮೇಲಿರುತ್ತದೆ. ಖಾಸಗಿಯವರು ಮುಖಬೆಲೆಯಿಲ್ಲದೆ ಮಾಡುವವು ಪದಕಗಳು; ಅವುಗಳಲ್ಲಿ ಲೋಹದ ಬೆಲೆ ಬಿಟ್ಟು ಬೇರೇನನ್ನೂ ಲೆಕ್ಕಕ್ಕೆ ಹಿಡಿಯಬಾರದು, ತೆಳು ಲೇಪನವಿದ್ದರೆ ಅದೂ ಇಲ್ಲ. ಇನ್ನೊಂದು ಬಗೆಯಲ್ಲಿ ನಿಜವಾದ ಅರ್ಧ ಡಾಲರ್ ನಾಣ್ಯವನ್ನೇ ತೆಗೆದುಕೊಂಡು ಅದರ ಮೇಲೆ ಗಾಯಕರ ಬಣ್ಣದ ಚಿತ್ರ ಅಂಟಿಸಿ ಮಾರುತ್ತಾರೆ. ಟಂಕಸಾಲೆಗೂ ಆ ಚಿತ್ರಕ್ಕೂ ಸಂಬಂಧವಿಲ್ಲ, ಸಂಗ್ರಾಹಕರ ಕಣ್ಣಿಗೆ ಅದು ಕೆಡಿಸಿದ ನಾಣ್ಯ. ಮೂರನೆಯ ಬಗೆ ನಡುವಿನದು: ಸಣ್ಣ ದೇಶಗಳು ತಮ್ಮ ಹೆಸರನ್ನು ಬಳಸಲು ಖಾಸಗಿ ಟಂಕಸಾಲೆಗಳಿಗೆ ಪರವಾನಗಿ ಕೊಡುತ್ತವೆ. ನಿಯುವೆ, ಕುಕ್ ದ್ವೀಪಗಳು, ತುವಾಲು ಹೆಸರಿನಲ್ಲಿ ಬರುವ ಬಹಳಷ್ಟು ಸಂಗ್ರಹದ ನಾಣ್ಯಗಳು ಇಂಥವು. ಸೊಮಾಲಿಯಾದ ಹೆಸರಿನಲ್ಲಿ 2004ರಲ್ಲಿ ಗಿಟಾರಿನ ಆಕಾರದ ನಾಣ್ಯಗಳೇ ಬಂದಿದ್ದವು. ಕಾನೂನಿನ ದೃಷ್ಟಿಯಿಂದ ಅವು ನಾಣ್ಯಗಳು, ಕೆಲವುಗಳ ಕೆಲಸವೂ ಸೊಗಸು. ಆದರೆ ತನ್ನ ನೆಲದ ಕಲಾವಿದನಿಗೆ ದೇಶವೊಂದು ಸಲ್ಲಿಸುವ ಗೌರವ ಅಲ್ಲಿ ಇರುವುದಿಲ್ಲ, ಇರುವುದು ವ್ಯಾಪಾರದ ಒಪ್ಪಂದ.

ಭಾರತದ ಓದುಗರು ಇನ್ನೊಂದು ಎಚ್ಚರ ವಹಿಸಬೇಕು. ಮನೆಯಲ್ಲಿರುವ ಹಳೆಯ 5 ಅಥವಾ 10 ರೂಪಾಯಿ ನಾಣ್ಯಕ್ಕೆ ಲಕ್ಷಗಟ್ಟಲೆ ಹಣ ಕೊಡುತ್ತೇವೆಂಬ ಸಂದೇಶಗಳು ಆಗಾಗ ಹರಿದಾಡುತ್ತವೆ. ರಿಸರ್ವ್ ಬ್ಯಾಂಕಿನ ಹೆಸರು ಹೇಳಿ ಶುಲ್ಕ, ತೆರಿಗೆ, ಕಮಿಷನ್ ಎಂದು ಮುಂಗಡ ಕೇಳುವುದು ಈ ಮೋಸದ ರೂಢಿಯ ದಾರಿ. ತಾನು ಇಂತಹ ವ್ಯವಹಾರದಲ್ಲಿಲ್ಲ, ಯಾರಿಗೂ ಅಧಿಕಾರ ಕೊಟ್ಟಿಲ್ಲ ಎಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟಿನಲ್ಲಿ ಪ್ರಕಟಣೆ ಹೊರಡಿಸಿದೆ. ಕೋಟಿಗಟ್ಟಲೆ ಅಚ್ಚಾದ ನಾಣ್ಯ ಲಕ್ಷ ರೂಪಾಯಿ ಬಾಳಲು ಕಾರಣವೇ ಇಲ್ಲ ಎಂಬುದು ಮೇಲಿನ ಲೆಕ್ಕಾಚಾರದಿಂದಲೇ ತಿಳಿಯುತ್ತದೆ.

ಕೊಂಡ ಮೇಲೆ ಕಾಪಾಡುವ ವಿಚಾರ. ನಾಣ್ಯವನ್ನು ಯಾವಾಗಲೂ ಅಂಚಿನಲ್ಲಿ ಹಿಡಿಯಬೇಕು. ಪ್ರೂಫ್ ನಾಣ್ಯದ ಕನ್ನಡಿಯ ಮೇಲೆ ಬಿದ್ದ ಬೆರಳಚ್ಚು ಬೆವರಿನ ಉಪ್ಪು ಮತ್ತು ಆಮ್ಲದಿಂದಾಗಿ ಲೋಹವನ್ನು ಕೊರೆದು ಶಾಶ್ವತವಾಗಿ ಉಳಿಯಬಹುದು. ಮೆದುವಾದ ಪಿವಿಸಿ ಪ್ಲಾಸ್ಟಿಕ್ಕಿನ ಚೀಲಗಳು ಕಾಲಾಂತರದಲ್ಲಿ ಆಮ್ಲ ಬಿಟ್ಟು ನಾಣ್ಯದ ಮೇಲೆ ಹಸಿರು ಜಿಡ್ಡು ಹುಟ್ಟಿಸುತ್ತವೆ, ಆದ್ದರಿಂದ ಗಟ್ಟಿಯಾದ ಪಾರದರ್ಶಕ ಕ್ಯಾಪ್ಸೂಲು ಮೇಲು. ಗಾಳಿಯಲ್ಲಿರುವ ಗಂಧಕದ ಅಂಶದಿಂದ ಬೆಳ್ಳಿ ಕಪ್ಪಾಗುವುದು ಸಹಜ. ಅದನ್ನು ಕಂಡು ಹುಣಸೆಹಣ್ಣಿನಿಂದಲೋ ಪುಡಿಯಿಂದಲೋ ಉಜ್ಜಿದರೆ ಕಪ್ಪಿನ ಜೊತೆಗೆ ಟಂಕನದ ಮೂಲ ಮೇಲ್ಮೈಯೂ ಹೋಗುತ್ತದೆ. ಉಜ್ಜಿದ ನಾಣ್ಯವನ್ನು ಅನುಭವಿ ವ್ಯಾಪಾರಿ ಒಂದೇ ನೋಟಕ್ಕೆ ಗುರುತಿಸಿ, ಬಹುಮಟ್ಟಿಗೆ ಲೋಹದ ಬೆಲೆಗೇ ಕೇಳುತ್ತಾನೆ. ಟಂಕಸಾಲೆ ಕೊಟ್ಟ ಪೆಟ್ಟಿಗೆ ಮತ್ತು ಪ್ರಮಾಣಪತ್ರವನ್ನು ನಾಣ್ಯದ ಜೊತೆಯಲ್ಲೇ ಇಡಬೇಕು: ಮುಂದೊಂದು ದಿನ ಮನೆಯ ಬೇರೆಯವರು ಅದನ್ನು ಮಾರಬೇಕಾಗಿ ಬಂದರೆ, ಯಾವ ರೂಪ, ಯಾವ ಲೋಹ, ಎಷ್ಟು ತೂಕ ಎಂದು ಅವರಿಗೆ ತಿಳಿಸುವುದು ಆ ಕಾಗದವೇ.